ಕೆಂಪು ಹಾವಸೆ

ಕಳೆದ ವರ್ಷ ನನಗೊಂದು ಸಣ್ಣ ಅನುವಾದದ ಕೆಲಸ ಬಂತು. ಉಪ್ಪುನೀರಿನ ಆಕ್ವೇರಿಯಂಗೆ ಹಾಕುವ ಔಷಧಿಯೊಂದರ ಡಬ್ಬಿಯ ಮೇಲಿನ ಸೂಚನೆಗಳು. ಇನ್ನೂರು ಪದಗಳೂ ಇರಲಿಲ್ಲ, ಊಟದೊಳಗೆ ಮುಗಿಸಬಹುದು ಅಂದುಕೊಂಡಿದ್ದೆ. ಮೊದಲ ಸಾಲಿನಲ್ಲೇ ಸಿಕ್ಕಿಕೊಂಡೆ. ಇದು ‘ಕೆಂಪು ಲೋಳೆ ಪಾಚಿ’ಯನ್ನು ತೆಗೆಯುವ ಔಷಧಿ ಎಂದು ಆ ಸಾಲು ಹೇಳುತ್ತಿತ್ತು. ನಾಲ್ಕು ಸಾಲು ಕೆಳಗೆ, ಇದರಲ್ಲಿರುವುದು ಎರಿಥ್ರೋಮೈಸಿನ್ ಎಂದಿತ್ತು. ಗಂಟಲು ನೋವಿಗೆ, ಎದೆಯ ಸೋಂಕಿಗೆ ಡಾಕ್ಟರು ಬರೆದುಕೊಡುವ ಅದೇ ಆ್ಯಂಟಿಬಯಾಟಿಕ್. ಪಾಚಿ ಗಿಡದ ಕಡೆಯದಾದರೆ ಅದಕ್ಕೆ ಆ್ಯಂಟಿಬಯಾಟಿಕ್ ಏಕೆ?

ಹವಳದ ತೊಟ್ಟಿ ಇಟ್ಟವರಿಗೆಲ್ಲ ಈ ಲೋಳೆಯ ಪರಿಚಯ ಇದ್ದೇ ಇರುತ್ತದೆ. ಬಿಳಿ ಮರಳಿನ ಮೇಲೆ ಒಂದು ಬೆಳಿಗ್ಗೆ ಕಡುಗೆಂಪು ಕಲೆ ಕಾಣುತ್ತದೆ. ವಾರದಲ್ಲಿ ಅದು ವೆಲ್ವೆಟ್ ಬಟ್ಟೆ ಹಾಸಿದಂತೆ ಕಲ್ಲುಗಳ ಮೇಲೂ ಹರಡುತ್ತದೆ. ದೀಪ ಹೊತ್ತಿದ ಮೇಲೆ ಅದರ ತುಂಬ ಗಾಳಿಗುಳ್ಳೆಗಳು. ಕೊಳವೆ ಹಿಡಿದು ಎಳೆದರೆ ಹಾಳೆ ಹಾಳೆಯಾಗಿ ಎದ್ದು ಬರುತ್ತದೆ, ಎರಡೇ ದಿನಕ್ಕೆ ಮತ್ತೆ ಹಾಜರು. ಹವಳದ ಬುಡಕ್ಕೆ ಹತ್ತಿದರೆ ಹವಳವೇ ಉಸಿರುಗಟ್ಟಿ ಸಾಯಬಹುದು. ಇದೇ ಸಯನೋಬ್ಯಾಕ್ಟೀರಿಯಾ. ಶಾಲೆಯ ಪುಸ್ತಕದಲ್ಲಿ ನಾವು ‘ನೀಲಿ ಹಸಿರು ಪಾಚಿ’ ಎಂದು ಓದಿದ್ದು ಇದರ ಬಳಗವನ್ನೇ. ತೊಟ್ಟಿಯಲ್ಲಿ ಇದು ನೀಲಿಯಲ್ಲ, ಹಸಿರಲ್ಲ. ಪಾಚಿಯೂ ಅಲ್ಲ.

ಗಾಜಿನೊಳಗೆ ಕಡಲನ್ನು ಇಡುವ ಆಸೆ ಹುಟ್ಟಿದಾಗಲೇ ಕೊಳೆಯ ಚಿಂತೆಯೂ ಹುಟ್ಟಿತು. 1846ರಲ್ಲಿ ಅನ್ನಾ ಥಿನ್ ಎಂಬ ಮಹಿಳೆ ಇಂಗ್ಲೆಂಡಿನ ಟಾರ್ಕೀ ಕರಾವಳಿಯಿಂದ ಕಲ್ಲು ಹವಳಗಳನ್ನು ಲಂಡನ್ನಿಗೆ ತಂದರು. ಇವು ಬಂಡೆ ಕಟ್ಟುವ ಉಷ್ಣವಲಯದ ಹವಳಗಳಲ್ಲ, ತಣ್ಣೀರಿನ ಒಂಟಿ ಹವಳಗಳು. ದಾರಿಯಲ್ಲಿ ಅಲುಗಾಡದಿರಲೆಂದು ಅವನ್ನು ಸೂಜಿ ದಾರದಿಂದ ಒಂದು ದೊಡ್ಡ ಸ್ಪಂಜಿಗೆ ಹೊಲಿದಿದ್ದರಂತೆ. ಮನೆಯಲ್ಲಿ ನೀರು ಕೆಡದಂತೆ ನೋಡಿಕೊಳ್ಳುವುದೇ ದೊಡ್ಡ ಪಾಡಾಯಿತು. ತೆರೆದ ಕಿಟಕಿಯ ಮುಂದೆ ನಿಂತು, ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಅರ್ಧ ಮುಕ್ಕಾಲು ಗಂಟೆ ನೀರು ಹೊಯ್ದು ಹೊಯ್ದು ಗಾಳಿ ಬೆರೆಸಬೇಕು. ಚಹಾ ಆರಿಸಿದ ಹಾಗೆ. ಆ ಕೆಲಸ ಬಿದ್ದದ್ದು ಮನೆಗೆಲಸದ ಹೆಣ್ಣುಮಗಳ ಮೇಲೆ. ಆಕ್ವೇರಿಯಂ ಚರಿತ್ರೆಯ ಮೊದಲ ಏರ್ ಪಂಪ್ ಅವಳ ಎರಡು ಕೈಗಳು, ಅವಳ ಹೆಸರನ್ನು ಮಾತ್ರ ಯಾರೂ ಹೇಳುವುದಿಲ್ಲ. ಮರುವರ್ಷ ಥಿನ್ ಕಡಲ ಸಸ್ಯಗಳನ್ನೂ ಜೊತೆಗಿಟ್ಟರು.

1850ರಲ್ಲಿ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನ ವಿಜ್ಞಾನಿ ಇದರ ಲೆಕ್ಕಾಚಾರವನ್ನು ಬರೆದಿಟ್ಟ. ಅವನದು ಸಿಹಿನೀರು: ಗೋಲ್ಡ್‌ಫಿಶ್, ವ್ಯಾಲಿಸ್ನೇರಿಯಾ ಎಂಬ ನೀರುಗಿಡ. ಗಿಡ ಆಮ್ಲಜನಕ ಕೊಡುತ್ತದೆ, ಮೀನು ಅದನ್ನು ಉಸಿರಾಡುತ್ತದೆ. ಆದರೆ ಗಿಡದ ಎಲೆಗಳು ಕೊಳೆತವು, ನೀರು ಕದಡಿತು, ಗಾಜಿಗೆ ಲೋಳೆ ಹತ್ತಿತು. ಅವನು ಕೆರೆಯ ಬಸವನಹುಳುಗಳನ್ನು ಬಿಟ್ಟ, ಅವು ಕೊಳೆತದ್ದನ್ನೂ ಲೋಳೆಯನ್ನೂ ಮೇಯ್ದವು. ಇಂದು ಹವಳದ ತೊಟ್ಟಿಗೆಂದು ಅಂಗಡಿಯವರು ಬಸವನಹುಳು, ಸನ್ಯಾಸಿ ಏಡಿಗಳನ್ನು ಮಾರುವುದು ಆ ಬುದ್ಧಿಯಿಂದಲೇ. ಕೆಂಪು ಲೋಳೆಯನ್ನು ಮಾತ್ರ ಅವುಗಳಲ್ಲಿ ಹೆಚ್ಚಿನವು ಮೂಸುವುದೂ ಇಲ್ಲ.

ಇನ್ನು ಹೆಸರಿನ ಕತೆ. 1770ರಲ್ಲಿ ಆಸ್ಟ್ರೇಲಿಯಾದ ಹವಳದ ದಿಬ್ಬಗಳ ಬಳಿ ಕುಕ್‌ನ ಹಡಗಿನವರು ನೀರಿನ ಮೇಲೆ ಕಂದು ಪುಡಿ ತೇಲುವುದನ್ನು ಕಂಡಿದ್ದರು. ನಾವಿಕರು ಅದನ್ನು ಕಡಲ ಮರದ ಹೊಟ್ಟು ಎಂದರು. 1823ರ ಡಿಸೆಂಬರಿನಲ್ಲಿ ಜರ್ಮನಿಯ ಎಹ್ರೆನ್‌ಬರ್ಗ್ ಸಿನಾಯ್ ತೀರದ ಟೋರ್‌ನಲ್ಲಿ ಕೊಲ್ಲಿಯ ನೀರು ರಕ್ತದ ಹಾಗೆ ಕೆಂಪಾಗಿರುವುದನ್ನು ನೋಡಿ, ಅದರಲ್ಲಿದ್ದ ಎಳೆಗಳನ್ನು ಸೂಕ್ಷ್ಮದರ್ಶಕಕ್ಕೆ ಒಡ್ಡಿದ. ಅವಕ್ಕೆ ಅವನಿಟ್ಟ ಹೆಸರು ಟ್ರೈಕೋಡೆಸ್ಮಿಯಂ ಎರಿಥ್ರೇಯಂ. ಕೆಂಪು ಸಮುದ್ರಕ್ಕೆ ಆ ಹೆಸರು ಬಂದದ್ದು ಇದರಿಂದಲೇ ಎಂಬ ವಾದವೂ ಅಲ್ಲಿಂದ ಶುರು. ನಮ್ಮ ಮಂಗಳೂರು, ಗೋವಾ ಕಡೆಯ ಕಡಲಲ್ಲೂ ಮಳೆಗಾಲಕ್ಕೆ ಮುಂಚಿನ ತಿಂಗಳುಗಳಲ್ಲಿ ಇದೇ ಟ್ರೈಕೋಡೆಸ್ಮಿಯಂ ಪಟ್ಟೆ ಪಟ್ಟೆಯಾಗಿ ತೇಲುತ್ತದೆ. ತೊಟ್ಟಿಯ ಲೋಳೆ ಇದರ ದಾಯಾದಿ. ಗ್ರೀಕಿನಲ್ಲಿ ‘ಎರಿಥ್ರೋಸ್’ ಎಂದರೆ ಕೆಂಪು. ಎರಿಥ್ರೋಮೈಸಿನ್‌ನಲ್ಲಿರುವುದೂ ಆ ಬೇರೇ, ಏಕೆಂದರೆ ಅದನ್ನು ಕೊಟ್ಟ ಮಣ್ಣಿನ ಸೂಕ್ಷ್ಮಜೀವಿಯೂ ಕೆಂಪಗಿತ್ತು. ರೋಗಕ್ಕೂ ಮದ್ದಿಗೂ ಒಂದೇ ಮನೆತನದ ಹೆಸರು! ಭಾಷಾಶಾಸ್ತ್ರ ಓದಿದವರಿಗೆ ಇಂಥದ್ದು ಸಿಕ್ಕರೆ ಡಬ್ಬಿಯ ಕೆಲಸ ಅರ್ಧ ದಿನ ಹಿಂದೆ ಬೀಳುತ್ತದೆ.

ಬೆಳಕಿನಿಂದ ಆಹಾರ ಮಾಡಿಕೊಳ್ಳುವುದರಿಂದ ಇವನ್ನು ಪಾಚಿಯ ಜೊತೆ ಸೇರಿಸಿದರು. 1875ರ ಹೊತ್ತಿಗೇ ಫರ್ಡಿನಾಂಡ್ ಕೋನ್, ಇವು ಬ್ಯಾಕ್ಟೀರಿಯಾಗಳ ಹತ್ತಿರದವು ಎಂದು ಒಂದೇ ಗುಂಪಿನಲ್ಲಿ ಇಟ್ಟಿದ್ದ. ಸಸ್ಯಶಾಸ್ತ್ರಜ್ಞರು ಬಿಟ್ಟುಕೊಡಲಿಲ್ಲ. 1962ರಲ್ಲಿ ರೋಜರ್ ಸ್ಟೇನಿಯರ್ ಮತ್ತು ವಾನ್ ನೀಲ್ ವಾದ ಸ್ಪಷ್ಟವಾಗಿತ್ತು: ಇವುಗಳ ಕೋಶದಲ್ಲಿ ಪೊರೆ ಸುತ್ತಿದ ನ್ಯೂಕ್ಲಿಯಸ್ ಇಲ್ಲ, ಒಳರಚನೆಯೆಲ್ಲ ಬ್ಯಾಕ್ಟೀರಿಯಾದ್ದೇ. ‘ಸಯನೋಬ್ಯಾಕ್ಟೀರಿಯಾ’ ಎಂಬ ಹೆಸರು ನೆಲೆಯೂರಿದ್ದು ಎಪ್ಪತ್ತರ ದಶಕದಲ್ಲಿ. ವಿಜ್ಞಾನಿಗಳು ಹೆಸರು ಬದಲಿಸಿದರು, ಅಂಗಡಿಯ ಡಬ್ಬಿ ಬದಲಿಸಲಿಲ್ಲ.

ಭಾರತದಲ್ಲಿ ಈ ಜೀವಿಗೆ ಬೇರೆಯದೇ ಮರ್ಯಾದೆ ಇತ್ತು. ಗಾಳಿಯ ಸಾರಜನಕವನ್ನು ಹಿಡಿದು ಭತ್ತದ ಗದ್ದೆಗೆ ಗೊಬ್ಬರವಾಗಿಸುವುದು ಇದೇ ಎಂದು ಪಿ.ಕೆ. ಡೇ 1939ರಲ್ಲಿ ತೋರಿಸಿದರು. ಮದರಾಸು ವಿಶ್ವವಿದ್ಯಾಲಯದ ಟಿ.ವಿ. ದೇಶಿಕಾಚಾರಿಯವರ ‘ಸಯನೋಫೈಟಾ’ ಎಂಬ ಬೃಹತ್ ಗ್ರಂಥವನ್ನು 1959ರಲ್ಲಿ ಹೊರತಂದದ್ದು ಭಾರತೀಯ ಕೃಷಿ ಸಂಶೋಧನಾ ಪರಿಷತ್ತು. ಗದ್ದೆಯಲ್ಲಿ ವರವಾದ ಆ ಗುಣವೇ ತೊಟ್ಟಿಯಲ್ಲಿ ಉಪದ್ರವವಾಯಿತು. ಅದು ಹೇಗೆ ಎಂಬುದಕ್ಕೆ ಮತ್ತೆ ತೊಟ್ಟಿಯ ಚರಿತ್ರೆಗೇ ಹೋಗಬೇಕು.

1961ರಲ್ಲಿ ಜಕಾರ್ತಾದ ಲೀ ಚಿನ್ ಎಂಗ್ ಎಂಬವರು ತಮ್ಮ ವಿಧಾನವನ್ನು ಅಮೆರಿಕದ ಪತ್ರಿಕೆಯೊಂದರಲ್ಲಿ ಬರೆದರು. ಫಿಲ್ಟರ್ ಇಲ್ಲ. ಕಡಲಿನಿಂದ ತಂದ ಜೀವಂತ ಕಲ್ಲು, ಗಾಳಿಗುಳ್ಳೆ, ಒಳ್ಳೆಯ ಬೆಳಕು, ಅಷ್ಟೇ. ಕಲ್ಲಿನ ರಂಧ್ರಗಳಲ್ಲಿದ್ದ ಸೂಕ್ಷ್ಮಜೀವಿಗಳೇ ನೀರನ್ನು ನೋಡಿಕೊಳ್ಳುತ್ತಿದ್ದವು. (ನಮ್ಮಲ್ಲಿ ಯಾರೂ ಹಾಗೆ ಹವಳದ ಕಲ್ಲನ್ನು ಕಡಲಿನಿಂದ ಕಿತ್ತು ತರುವ ಹಾಗಿಲ್ಲ. ಕಲ್ಲು ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿವೆ, ಹುಲಿಯ ಸಾಲಿನಲ್ಲಿ.) 1986ರ ಸುಮಾರಿಗೆ ಅಮೆರಿಕದಲ್ಲಿ ಪ್ಲಾಸ್ಟಿಕ್ ಚೆಂಡುಗಳ ಮೇಲೆ ನೀರು ಸುರಿಸುವ ಫಿಲ್ಟರುಗಳು ಜನಪ್ರಿಯವಾದವು. ಅವು ಅಮೋನಿಯಾವನ್ನು ಚುರುಕಾಗಿ ನೈಟ್ರೇಟ್ ಮಾಡುತ್ತಿದ್ದವು, ಆ ನೈಟ್ರೇಟ್ ಮಾತ್ರ ಹೋಗಲು ಜಾಗವಿಲ್ಲದೆ ಏರುತ್ತಲೇ ಇತ್ತು. ಜರ್ಮನಿಯವರು ಜೀವಂತ ಕಲ್ಲಿನ ಜೊತೆ, ನೊರೆಯೆಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರ್ ಸೇರಿಸಿದ ‘ಬರ್ಲಿನ್ ಪದ್ಧತಿ’ ಕೊನೆಗೆ ಗೆದ್ದಿತು.

ಗೆದ್ದ ಮೇಲೆ ಅತಿಯಾಯಿತು. ನೈಟ್ರೇಟ್ ಕಡಿಮೆಯಿದ್ದರೆ ಒಳ್ಳೆಯದು, ಹಾಗಾದರೆ ಸೊನ್ನೆ ಇನ್ನೂ ಒಳ್ಳೆಯದು ಎಂದು ಹವ್ಯಾಸಿಗಳು ನೀರನ್ನು ಉಜ್ಜಿ ತೊಳೆದರು. ಕಡಲ ತೇಲುಜೀವಿಗಳಲ್ಲಿ ಸಾರಜನಕಕ್ಕೂ ರಂಜಕಕ್ಕೂ ಸರಿಸುಮಾರು ಸ್ಥಿರವಾದ ಅನುಪಾತ ಇರುತ್ತದೆ ಎಂದು ಆಲ್ಫ್ರೆಡ್ ರೆಡ್‌ಫೀಲ್ಡ್ 1934ರಲ್ಲೇ ಹೇಳಿದ್ದ. ತೊಟ್ಟಿಯಲ್ಲಿ ನೈಟ್ರೇಟ್ ಬರಿದಾಗಿ, ಮೀನಿನ ತಿಂಡಿಯಿಂದ ಫಾಸ್ಫೇಟ್ ಮಾತ್ರ ಉಳಿದರೆ ಉಳಿದ ಪಾಚಿಗಳು ಹಸಿವಿನಿಂದ ಸೊರಗುತ್ತವೆ. ಸಾರಜನಕವನ್ನು ತಾವೇ ಹಿಡಿದುಕೊಳ್ಳಬಲ್ಲ ಸಯನೋಬ್ಯಾಕ್ಟೀರಿಯಾಗಳಿಗೆ ಅದು ಖಾಲಿ ಬಿಟ್ಟ ಹೊಲ. ಕೊಳಕು ತೊಟ್ಟಿಯಲ್ಲೂ ಕೆಂಪು ಲೋಳೆ, ಅತಿ ಶುದ್ಧ ತೊಟ್ಟಿಯಲ್ಲೂ ಕೆಂಪು ಲೋಳೆ ಎಂದು ಜನ ತಲೆ ಕೆರೆದುಕೊಂಡದ್ದು ಇದಕ್ಕೇ.

ಆಗ ಡಬ್ಬಿಯ ಔಷಧಿ ಕೈಗೆ ಬರುತ್ತದೆ. 1952ರಲ್ಲಿ ಮಾರುಕಟ್ಟೆಗೆ ಬಂದ ಎರಿಥ್ರೋಮೈಸಿನ್ ಫಿಲಿಪ್ಪೀನ್ಸಿನ ಮಣ್ಣಿನಿಂದ ಸಿಕ್ಕಿದ್ದು. ಬ್ಯಾಕ್ಟೀರಿಯಾಗಳ ರೈಬೋಸೋಮ್‌ಗೆ ಅಂಟಿಕೊಂಡು ಪ್ರೋಟೀನ್ ತಯಾರಿಕೆಯನ್ನೇ ನಿಲ್ಲಿಸುತ್ತದೆ. ಕೆಂಪು ಹಾಸು ಮೂರ್ನಾಲ್ಕು ದಿನದಲ್ಲಿ ಮಾಯ. ಸ್ಟೇನಿಯರ್ ವಾದಕ್ಕೆ ಮನೆಯ ಹಜಾರದಲ್ಲೇ ಸಾಕ್ಷಿ ಅನ್ನಿ. ಆದರೆ ಅಷ್ಟೊಂದು ಲೋಳೆ ಒಮ್ಮೆಲೇ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಕುಸಿಯುತ್ತದೆ. ಬೆಳಿಗ್ಗೆ ಲೋಳೆಯೂ ಇಲ್ಲ, ಮೀನೂ ಇಲ್ಲ ಎಂಬ ಸ್ಥಿತಿ ಬರಬಹುದು. ಅಮೋನಿಯಾ ಕರಗಿಸುವ ಒಳ್ಳೆಯ ಬ್ಯಾಕ್ಟೀರಿಯಾಗಳಿಗೂ ಪೆಟ್ಟು ಬೀಳಬಹುದು. ಹೊರಚೆಲ್ಲಿದ ನೀರಿನೊಂದಿಗೆ ಆ್ಯಂಟಿಬಯಾಟಿಕ್ ಚರಂಡಿಗೆ ಹೋಗುತ್ತದೆ. ಹಸಿವಿನ ಲೆಕ್ಕ ಸರಿಯಾಗದಿದ್ದರೆ ತಿಂಗಳೊಳಗೆ ಕೆಂಪು ಮತ್ತೆ ಬರುತ್ತದೆ.

ನನ್ನ ಮತ ಕೇಳಿದರೆ ಡಬ್ಬಿ ಕೊನೆಯದು. ಮೊದಲು ಲೋಳೆಯನ್ನು ಕೊಳವೆಯಿಂದ ಎಳೆದು, ನೀರಿನ ಐದನೇ ಒಂದು ಪಾಲು ಬದಲಿಸಿ. ಮೇಲ್ತುಂಬಿಸುವುದಕ್ಕೆ ನಲ್ಲಿ ನೀರು ಬೇಡ, ಆರ್‌ಒ ನೀರು ಬಳಸಿ. ನೀರು ನಿಂತ ಮೂಲೆಗೆ ಪಂಪಿನ ಮುಖ ತಿರುಗಿಸಿ. ತಿಂಡಿ ಕಡಿಮೆ ಮಾಡಿ, ಫಾಸ್ಫೇಟ್ ಅಳೆಯಿರಿ, ನೈಟ್ರೇಟ್ ಸೊನ್ನೆಯಾಗಲು ಬಿಡಬೇಡಿ. ಮೂರು ದಿನ ದೀಪ ಆರಿಸಿಟ್ಟರೂ ಹಾಸು ಎಷ್ಟೋ ತೆಳುವಾಗುತ್ತದೆ. ವಾರಗಳು ಹಿಡಿಯುತ್ತವೆ.

ಕಡಲಲ್ಲೂ ಇದು ನಿರುಪದ್ರವಿಯಲ್ಲ. ಹವಳವನ್ನು ಕಪ್ಪು ಪಟ್ಟಿಯಾಗಿ ತಿನ್ನುತ್ತಾ ಸಾಗುವ ರೋಗವನ್ನು 1973ರಲ್ಲಿ ವರ್ಣಿಸಿದರು, ಅದರ ಮುಂಚೂಣಿಯಲ್ಲಿರುವುದೂ ಸಯನೋಬ್ಯಾಕ್ಟೀರಿಯಾ. ಹಾಗಿದ್ದೂ ಹವಳ ಬದುಕಿರುವುದು ತನ್ನ ಮೈಯೊಳಗಿನ ಸೂಕ್ಷ್ಮ ಪಾಚಿ ಮಾಡಿಕೊಡುವ ಸಕ್ಕರೆಯಿಂದ. ಆ ಪಾಚಿಯೊಳಗೆ ಬೆಳಕು ಹಿಡಿಯುವ ಕ್ಲೋರೋಪ್ಲಾಸ್ಟ್, ಬಹಳ ಹಿಂದೆ ಇನ್ನೊಂದು ಕೋಶ ನುಂಗಿ ಇಟ್ಟುಕೊಂಡ ಸಯನೋಬ್ಯಾಕ್ಟೀರಿಯಾದ ವಂಶದ್ದೇ.

ಅನುವಾದದಲ್ಲಿ ನಾನು ‘ಕೆಂಪು ಹಾವಸೆ’ ಎಂದು ಬರೆದೆ. ಬಾವಿಕಟ್ಟೆಯ ಮೇಲೆ ಕಾಲು ಜಾರಿಸುವುದೆಲ್ಲ ನಮ್ಮಲ್ಲಿ ಹಾವಸೆಯೇ, ಅದು ಗಿಡವೋ ಬ್ಯಾಕ್ಟೀರಿಯವೋ ಎಂದು ಆ ಪದ ವಿಚಾರಿಸುವುದಿಲ್ಲ. ಡಬ್ಬಿ ಅಚ್ಚಾಗಿ ಬಂದಾಗ ಅಲ್ಲಿ ಮತ್ತೆ ‘ಪಾಚಿ’ ಕೂತಿತ್ತು. ‘ಔಷಧಿ ಹಾಕಿದ ರಾತ್ರಿ ಗಾಳಿಯ ಪಂಪ್ ನಿಲ್ಲಿಸಬೇಡಿ’ ಎಂಬ ಸಾಲನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ.