ಓನರ್ ಹೋದ, ಮಗ್ಗಿ ಪುಸ್ತಕ ಬಂತು

ಟರ್ಮಿನಲ್ ಮುಂದೆ ಕೂತು ಕೆಲಸ ಮಾಡೋ ಯಾರನ್ನಾದರೂ ಕೇಳಿ, ಟಾರ್ ಕಮ್ಯಾಂಡಿನ ಆಪ್ಶನ್‌ಗಳು ಬಾಯಿಪಾಠ ಇದೆಯಾ ಅಂತ. ಹೆಚ್ಚಿನವರು ನಕ್ಕುಬಿಡ್ತಾರೆ. ಎಕ್ಸ್‌ಕೆಸಿಡಿ ಅನ್ನೋ ವೆಬ್ ಕಾಮಿಕ್‌ನಲ್ಲಿ 2013ರಲ್ಲಿ ಇದರ ಮೇಲೆ ಜೋಕೇ ಬಂತು: ನೆನಪಿನಿಂದ ಒಂದು ಸರಿಯಾದ ಟಾರ್ ಕಮ್ಯಾಂಡ್ ಹೊಡೆದರೆ ಮಾತ್ರ ಬಾಂಬ್ ನಿಲ್ಲುತ್ತೆ. ಹಾಗಾದರೆ ತಪ್ಪು ನಮ್ಮ ನೆನಪಿನದ್ದಾ? ಚರಿತ್ರೆ ನೋಡಿದರೆ ನನಗೆ ಹಾಗನ್ನಿಸಲ್ಲ.

ಯುನಿಕ್ಸ್‌ನ ಮೊದಲ ಕೈಪಿಡಿಯ ಮೇಲಿರುವ ದಿನಾಂಕ 1971ರ ನವೆಂಬರ್ 3. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಮ್ಸನ್, ಡೆನಿಸ್ ರಿಚಿ ಅದನ್ನು ಬರೆದರು. ಬರೀರಿ ಅಂತ ಹಟ ಹಿಡಿದವರು ಅವರ ಮ್ಯಾನೇಜರ್ ಡಗ್ ಮ್ಯಾಕಿಲ್ರಾಯ್. ಒಂದೊಂದು ಕಮ್ಯಾಂಡಿಗೂ ಹೆಸರು, ಬಳಸುವ ರೂಪ, ವಿವರಣೆ ಅಂತ ತಲೆಬರಹಗಳು. 'ಬಗ್ಸ್' ಅಂತಲೂ ಒಂದು ಇತ್ತು. ತಮ್ಮ ಪ್ರೋಗ್ರಾಮಿನ ದೋಷಗಳನ್ನು ತಾವೇ ಅಚ್ಚು ಹಾಕಿಸಿದ್ದರು. ಕೊನೆಗೆ 'ಓನರ್'. ತೊಂದರೆ ಆದರೆ ಯಾರನ್ನು ಹಿಡೀಬೇಕು ಅನ್ನೋದು ಅಲ್ಲಿರುತ್ತಿತ್ತು. ಆದರೆ ಆ ಪಟ್ಟಿಯಲ್ಲಿ 'ಉದಾಹರಣೆ' ಅನ್ನೋ ತಲೆಬರಹ ಇರಲಿಲ್ಲ. ಬೇಕಾಗಿರಲೂ ಇಲ್ಲ ಅನ್ನಿ. ಓನರ್ ಅದೇ ಸಂಸ್ಥೆಯಲ್ಲೇ ಇದ್ದ, ಹೋಗಿ ಕೇಳಬಹುದಿತ್ತು.

ಆಮೇಲೆ ಯುನಿಕ್ಸ್ ಬೇರೆ ಬೇರೆ ವಿಶ್ವವಿದ್ಯಾಲಯಗಳಿಗೆ, ದೇಶಗಳಿಗೆ ಹೋಯ್ತು. ಕೈಪಿಡಿಯ ಪುಟಗಳಿಂದ ಓನರ್ ಮಾಯವಾದ. ಆಪ್ಶನ್‌ಗಳು ಮಾತ್ರ ಬೆಳೀತಾನೇ ಹೋದವು. ಗ್ನೂ ಯೋಜನೆಯವರು ಪೂರ್ತಿ ವಿವರವನ್ನು 'ಇನ್ಫೋ' ಅನ್ನೋ ಬೇರೆ ರೂಪಕ್ಕೆ ಸಾಗಿಸಿದರು. ಹಳ್ಳಿಯಿಂದ ಬಂದು ಇಂಗ್ಲಿಷನ್ನು ಆಮೇಲೆ ಕಲಿತ ನಮ್ಮಂಥವರಿಗೆ ಆ ಉದ್ದದ ಮ್ಯಾನ್ ಪುಟ ಒಂದು ಕೋಟೆ ಗೋಡೆ. ಪಕ್ಕದಲ್ಲಿ ಗೊತ್ತಿರೋರು ಇದ್ದವನು ದಾಟಿದ, ಇಲ್ಲದವನು ಹೊರಗೇ ನಿಂತ.

2013ರಲ್ಲಿ ಶುರುವಾದ ಟಿಎಲ್‌ಡಿಆರ್ ಪುಟಗಳು ಮಾಡಿದ್ದು ಈ ಗೋಡೆಗೆ ಬಾಗಿಲು ಇಟ್ಟ ಕೆಲಸ. ಹೆಸರಿನ ಅರ್ಥವೇ 'ತುಂಬಾ ಉದ್ದ ಇತ್ತು, ಓದ್ಲಿಲ್ಲ'. ಒಂದು ಕಮ್ಯಾಂಡಿಗೆ ಹೆಚ್ಚೆಂದರೆ 8 ಉದಾಹರಣೆ, ಒಂದೊಂದಕ್ಕೂ ಒಂದು ಸಾಲಿನ ವಿವರಣೆ. ಬರೆಯೋರು ಜಗತ್ತಿನ ಎಲ್ಲೆಲ್ಲಿಯೋ ಇರುವ ಸ್ವಯಂಸೇವಕರು. ಹಿಂದಿ, ತಮಿಳಿನಲ್ಲೂ ಕೆಲವು ಪುಟಗಳಿವೆ. 'ಚೀಟ್', 'ಚೀಟ್ ಡಾಟ್ ಎಸ್‌ಎಚ್' ಕೂಡ ಇದೇ ಜಾತಿಯವು. ಇವನ್ನು ಸೋಮಾರಿಗಳ ಸಾಧನ ಅನ್ನೋರಿದ್ದಾರೆ. ನಾನು ಒಪ್ಪಲ್ಲ. ಕಾಣೆಯಾದ ಓನರ್‌ನ ಜಾಗ ತುಂಬಿದ್ದು ಇವೇ.

ಆದರೆ ಮಗ್ಗಿ ಪುಸ್ತಕ ಗುಣಾಕಾರ ಯಾಕೆ ಹಾಗೆ ಅಂತ ಹೇಳಲ್ಲ. ಟಾರ್‌ಗೆ 'ಎಫ್' ಹಾಕಿ ಅಂತ ಉದಾಹರಣೆ ತೋರಿಸುತ್ತೆ; ಯಾಕೆ ಅಂತ ಕೇಳಿದರೆ 1979ರ ಏಳನೇ ಆವೃತ್ತಿಯ ಯುನಿಕ್ಸ್‌ಗೆ ಹೋಗಬೇಕು. ಟಾರ್ ಹುಟ್ಟಿದ್ದು ಟೇಪಿಗಾಗಿ. ಫೈಲಿನ ಹೆಸರು ಕೊಡದಿದ್ದರೆ ಅದು ಹುಡುಕುತ್ತಿದ್ದದ್ದು ಟೇಪ್ ಡ್ರೈವನ್ನ. ಇಷ್ಟು ತಿಳಿದರೆ ಸಾಕು, 'ಎಫ್' ಮತ್ತೆ ಮರೆಯೋದಿಲ್ಲ. ಹಾಗಾಗಿ ಕೆಲಸ ಮುಗಿಸಲು ಟಿಎಲ್‌ಡಿಆರ್ ನೋಡಿ, ಬಿಡುವಾದಾಗ ಮ್ಯಾನ್ ಪುಟಾನೂ ತೆರೀರಿ. 'ಬಗ್ಸ್' ಅನ್ನೋ ತಲೆಬರಹ ಸಿಕ್ಕರೆ ಅದನ್ನಂತೂ ಬಿಡಬೇಡಿ.