‘ಬಹುರೂಪಿ’ ಎಂಬ ವಿಶೇಷಣ

ಮಿದುಳಿನ ಮಾರಕ ಗಡ್ಡೆಗಳಲ್ಲಿ ಅತ್ಯುಗ್ರವಾದುದಕ್ಕೆ ‘ಗ್ಲಿಯೊಬ್ಲಾಸ್ಟೋಮ ಮಲ್ಟಿಫಾರ್ಮೆ’ ಎಂಬ ಹೆಸರು 1926ರಲ್ಲಿ ಪರ್ಸಿವಲ್ ಬೈಲಿ, ಹಾರ್ವೆ ಕುಷಿಂಗ್ ಇವರ ವರ್ಗೀಕರಣದಿಂದ ರೂಢಿಗೆ ಬಂದಿತು. ಉತ್ತರಪದವು ಲ್ಯಾಟಿನ್ ಮೂಲದ್ದು, ‘ಬಹುರೂಪಿ’ ಎಂದರ್ಥ. ಹೆಸರು ಉಚಿತವೇ ಸರಿ: ಒಂದೇ ಗಡ್ಡೆಯಲ್ಲಿ ಚಿಕ್ಕ ದುಂಡು ಜೀವಕೋಶಗಳೂ ಎಳೆಯಂತಹವೂ ಅನೇಕ ಕೇಂದ್ರಗಳುಳ್ಳ ದೈತ್ಯಕೋಶಗಳೂ ಬೆರೆತು ತೋರುವುವು. ಆದರೆ ಬೆಳೆಯುತ್ತಿರುವ ಮಿದುಳಿನ ಒಂದೊಂದು ಬಗೆಯ ಕೋಶಕ್ಕೆ ಒಂದೊಂದು ಗಡ್ಡೆಯನ್ನು ಹೊಂದಿಸುವುದೇ ಆ ವರ್ಗೀಕರಣದ ಕ್ರಮ. ಹೆಸರಿನಲ್ಲಿ ಬಹುತ್ವ, ವಿಧಾನದಲ್ಲಿ ಏಕತ್ವ! ಮುಂದೆ ವಿಶ್ವ ಆರೋಗ್ಯ ಸಂಸ್ಥೆಯು ವಿಶೇಷಣವನ್ನೇ ಕೈಬಿಟ್ಟಿತು. 2014ರಲ್ಲಿ ಐದು ಗಡ್ಡೆಗಳ 430 ಕೋಶಗಳ ಆರ್‌ಎನ್‌ಎಯನ್ನು ಬಿಡಿಬಿಡಿಯಾಗಿ ಪರೀಕ್ಷಿಸಲಾಗಿ, ಬೇರೆಬೇರೆ ರೋಗಿಗಳವೆಂದೆಣಿಸಿದ್ದ ಪ್ರಭೇದಗಳು ಒಂದೇ ಗಡ್ಡೆಯೊಳಗೆ ದೊರೆತುವು. ಒಂದು ಬಗೆಯನ್ನು ಕೊಲ್ಲುವ ಔಷಧದಿಂದ ಮತ್ತೊಂದು ಉಳಿಯುವುದು. ರೋಗವು ಮರುಕಳಿಸುವುದಕ್ಕೆ ಇದೂ ಒಂದು ಕಾರಣ.