ಬೆವರಿನ ಲೆಕ್ಕ

ಹೋದ ಭಾನುವಾರ ಆಫೀಸಿನ ಗೆಳೆಯರ ಜೊತೆ ಹತ್ತು ಕಿಲೋಮೀಟರ್ ಓಡಿದೆ. (ನಿಜ ಹೇಳಬೇಕೆಂದರೆ ಓಡಿದ್ದು ಆರು, ನಡೆದಿದ್ದು ನಾಲ್ಕು :-) ) ನೀರು ಕಂಡಲ್ಲೆಲ್ಲ ಕುಡಿದೆ. ಹೊಟ್ಟೆ ಕುಲುಕತೊಡಗಿದಾಗ ತಲೆಗೆ ಬಂದ ಪ್ರಶ್ನೆ: ಓಡುವವನು ಎಷ್ಟು ನೀರು ಕುಡಿಯಬೇಕು? ಮನೆಗೆ ಬಂದು ಹುಡುಕಿದರೆ, ಈ ಪ್ರಶ್ನೆಗೆ ನೂರು ವರ್ಷಕ್ಕೂ ಹಳೆಯ ಇತಿಹಾಸವಿದೆ!

1904, ಸೇಂಟ್ ಲೂಯಿಸ್ ಒಲಿಂಪಿಕ್ಸ್ ಮ್ಯಾರಥಾನ್. ಆಗಸ್ಟ್ ತಿಂಗಳ ಸೆಕೆ, ಧೂಳಿನ ರಸ್ತೆ. ಓಡುವಾಗ ನೀರು ಕುಡಿಯಬಾರದು ಅನ್ನೋದು ಆಗಿನ ನಂಬಿಕೆ. ದಾರಿಯಲ್ಲಿ ನೀರು ಸಿಗುತ್ತಿದ್ದದ್ದು ಒಂದೆರಡು ಕಡೆ ಮಾತ್ರ. ಹೊರಟವರು 32, ಗುರಿ ಮುಟ್ಟಿದವರು 14. ಗೆದ್ದ ಥಾಮಸ್ ಹಿಕ್ಸ್‌ಗೆ ಸಹಾಯಕರು ಕೊಟ್ಟದ್ದು ಮೊಟ್ಟೆಯ ಬಿಳಿ, ಬ್ರಾಂಡಿ ಮತ್ತು ಸ್ಟ್ರಿಕ್ನೀನ್ ಎಂಬ ವಿಷ!

1965ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದ ಡಾ. ರಾಬರ್ಟ್ ಕೇಡ್ ತಂಡ, ಫುಟ್‌ಬಾಲ್ ಆಟಗಾರರು ಬೆವರಿನಲ್ಲಿ ಕಳೆದುಕೊಳ್ಳುವ ನೀರು-ಉಪ್ಪನ್ನು ತುಂಬಲು ಒಂದು ಪಾನೀಯ ಮಾಡಿತು. ಅದೇ ಗೇಟರೇಡ್. ಕ್ರಮೇಣ ಉಪದೇಶವೂ ಉಲ್ಟಾ ಆಯಿತು: ಬಾಯಾರಿಕೆಗೆ ಕಾಯಬೇಡಿ, ಕುಡಿಯುತ್ತಲೇ ಇರಿ.

ಆದರೆ 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ಓಟಗಾರ್ತಿಯೊಬ್ಬರು ತೀರಿಕೊಂಡರು. ಕಾರಣ ನೀರಿನ ಕೊರತೆಯಲ್ಲ, ಅತಿಯಾಗಿ ಕುಡಿದದ್ದು. ಅದೇ ಓಟದ 488 ಮಂದಿಯ ರಕ್ತ ಪರೀಕ್ಷಿಸಿದಾಗ ಶೇ. 13ರಷ್ಟು ಜನರಲ್ಲಿ ಸೋಡಿಯಂ ಇರಬೇಕಾದ್ದಕ್ಕಿಂತ ಕಡಿಮೆಯಿತ್ತು. ಈ ವರದಿ ಪ್ರಕಟವಾದದ್ದು 2005ರಲ್ಲಿ.

ಹಾಗಾದರೆ ಸರಿಯಾದ ಅಳತೆ ಯಾವುದು? ಎಲ್ಲರಿಗೂ ಒಂದೇ ಅಳತೆ ಇಲ್ಲ ಅನ್ನೋದೇ ಉತ್ತರ. ಒಬ್ಬರ ಬೆವರು ಇನ್ನೊಬ್ಬರಿಗಿಂತ ಹೆಚ್ಚು, ಉಪ್ಪೂ ಬೇರೆ. ಓಟಕ್ಕೆ ಮುಂಚೆ, ಆಮೇಲೆ ತೂಕ ನೋಡಿ ಲೆಕ್ಕ ಹಾಕಬಹುದು. ಆದರೆ ಓಡುತ್ತಿರುವಾಗಲೇ ತಿಳಿಯಬೇಕಲ್ಲ?

2016ರ ಜನವರಿಯಲ್ಲಿ ಬರ್ಕ್ಲಿಯ ಅಲಿ ಜಾವೆ ತಂಡ ಅದಕ್ಕೊಂದು ದಾರಿ ತೋರಿಸಿತು. ಮಣಿಕಟ್ಟಿಗೆ ಅಥವಾ ಹಣೆಗೆ ಕಟ್ಟುವ ಪಟ್ಟಿ; ಬೆವರಿನ ಸೋಡಿಯಂ, ಪೊಟಾಸಿಯಂ, ಗ್ಲೂಕೋಸ್, ಲ್ಯಾಕ್ಟೇಟ್ ಅಳೆದು ಫೋನಿಗೆ ಕಳಿಸುತ್ತದೆ. ನನಗೆ ತುಂಬಾ ಇಷ್ಟವಾದದ್ದು ಇದು: ಚರ್ಮ ಬಿಸಿಯಾದರೆ ಗ್ಲೂಕೋಸ್, ಲ್ಯಾಕ್ಟೇಟ್ ಸೆನ್ಸರ್‌ಗಳ ಲೆಕ್ಕ ತಪ್ಪುತ್ತದೆ. ಪಕ್ಕದಲ್ಲೇ ಇರುವ ಉಷ್ಣತೆಯ ಸೆನ್ಸರ್ ನೋಡಿ ಆ ತಪ್ಪನ್ನು ತಿದ್ದುತ್ತಾರೆ. ನಾವು ಕೋಡ್‌ನಲ್ಲಿ ಮಾಡೋ ಕೆಲಸವೇ! 2021ರಲ್ಲಿ ಗೇಟರೇಡ್ ಕೂಡ ತೋಳಿಗೆ ಅಂಟಿಸುವ ಪ್ಯಾಚ್ ಮಾರುಕಟ್ಟೆಗೆ ತಂದಿತು. ಸಣ್ಣ ನಾಳಗಳಲ್ಲಿ ಬೆವರು ಹರಿದು ಬಣ್ಣ ಮೂಡುತ್ತದೆ, ಫೋನಿನ ಕ್ಯಾಮೆರಾ ಅದನ್ನು ಓದುತ್ತದೆ.

ಆದರೂ ಪ್ಯಾಚ್‌ಗೆ ಗೊತ್ತಿರೋದು ಅದು ಅಂಟಿರುವ ಜಾಗದ ಬೆವರು. ಇಡೀ ದೇಹದ್ದು ಅಂದಾಜು. ನೀವೆಷ್ಟು ಕುಡಿದಿರಿ ಅನ್ನೋದಂತೂ ಅದಕ್ಕೆ ಗೊತ್ತೇ ಇಲ್ಲ. 1904ರಲ್ಲಿ ಬೇಡ ಅಂದರು, ಆಮೇಲೆ ಕುಡಿ ಕುಡಿ ಅಂದರು. ಎರಡು ಸಲವೂ ಓಡುವವನ ದೇಹ ಏನು ಹೇಳುತ್ತಿದೆ ಅಂತ ಯಾರೂ ಕೇಳಲಿಲ್ಲ. ಈ ಪುಟ್ಟ ಪಟ್ಟಿ ಕೊನೆಗೂ ಆ ಪ್ರಶ್ನೆ ಕೇಳುತ್ತಿದೆ, ನನಗೆ ಅಷ್ಟೇ ಖುಷಿ.

ನೀವು ಓಡುವಾಗ ಹೇಗೆ, ಬಾಯಾರಿಕೆಯ ಲೆಕ್ಕವೋ, ಲೋಟದ ಲೆಕ್ಕವೋ?